ಕೊಟ್ಟಿಗೆಯ ನೋವಿಗೂ ಮದ್ದಿದೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು, ತಪ್ಪು ಒಬ್ಬರದು ಶಿಕ್ಷೆ ಇನ್ನೊಬ್ಬರಿಗೆ ಎನ್ನುವಾಗ ನಾವು ಬಳಸುತ್ತೇವೆ. ಆದರೆ ಆ ಮಾತಿನ ಹಿಂದೆ ನಿಜವಾದ ಬರೆಯಿದೆ, ಕೆಂಪಗೆ ಕಾದ ಕಬ್ಬಿಣವಿದೆ. ಜಾನುವಾರಿಗೆ ಕಾಯಿಲೆ ಬಂದರೆ ಮೈಸುಡುವುದೇ ಮದ್ದು ಎಂದು ನಂಬಿದ್ದ ಕಾಲದ ಗಾದೆ ಅದು. ಬರೆ ಬಿದ್ದದ್ದು ತಪ್ಪು ಪ್ರಾಣಿಗೆ ಎಂಬುದಷ್ಟೇ ಅದರ ದೂರು. ಉರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬರೆಯ ಚಿಕಿತ್ಸೆ ಈಗ ಕಡಿಮೆಯಾಗಿದೆ. ಆದರೆ ಕರುವಿನ ಕೋಡಿನ ಮೊಳಕೆ ಸುಡುವುದು, ಹೋರಿಯ ಬೀಜ ಒಡೆಯುವುದು, ಮೂಗು ಚುಚ್ಚಿ ಮೂಗುದಾರ ಹಾಕುವುದು ನಮ್ಮ ಹಳ್ಳಿಗಳಲ್ಲಿ ನಡೆದೇ ಇವೆ. ಹಗ್ಗ ಹಾಕಿ ಕೆಡವಿ, ನಾಲ್ಕು ಜನ ಅದುಮಿ ಹಿಡಿದರೆ ಸಾಕು, ಅರಿವಳಿಕೆ ಏತಕ್ಕೆ ಎನ್ನುವವರೇ ಹೆಚ್ಚು. ಜಾನುವಾರಿನ ನೋವಿಗೆ ಕೊಡುವ ಮದ್ದು ವೈದ್ಯರ ಕರುಣೆಗೆ ಬಿಟ್ಟ ವಿಷಯವಲ್ಲ, ಚಿಕಿತ್ಸೆಯ ಕಡ್ಡಾಯ ಭಾಗ ಎಂಬುದು ನನ್ನ ವಾದ. ಅದಕ್ಕೆ ಬೇಕಾದ ವಿಜ್ಞಾನವೂ ಔಷಧವೂ ಕಾನೂನೂ ಈಗ ನಮ್ಮ ಬಳಿ ಇವೆ.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೋಡು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಇವನ್ನೆಲ್ಲ ನಿಗದಿತ ರೀತಿಯಲ್ಲಿ ಮಾಡಿದರೆ ಅಪರಾಧವಲ್ಲ ಎಂದಿತ್ತು. ಆ ನಿಗದಿತ ರೀತಿ ಏನೆಂಬುದಕ್ಕೆ ಸ್ಪಷ್ಟ ನಿಯಮಗಳು ಬಂದದ್ದು 2023ರಲ್ಲಿ. ನೋಂದಾಯಿತ ಪಶುವೈದ್ಯರ ನೆರವು ಬೇಕು, ಅರಿವಳಿಕೆ ಕೊಡಬೇಕು ಎಂದು ಅವು ಹೇಳುತ್ತವೆ. ಜೀವಂತ ಮೈಮೇಲೆ ಬರೆ ಹಾಕುವುದನ್ನಂತೂ ನಿಷೇಧಿಸುತ್ತವೆ. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಕೊಟ್ಟಿಗೆಯವರೆಗೆ ಅದು ಇನ್ನೂ ನಡೆದು ಬಂದಿಲ್ಲ.

ದನಗಳನ್ನು ನಾವು ಮೂಕಪ್ರಾಣಿ ಎನ್ನುತ್ತೇವೆ. ಮಾತಿಲ್ಲದವರ ನೋವನ್ನು ನಂಬಬೇಕೇ ಎಂಬ ಪ್ರಶ್ನೆ ದನಗಳಿಗಷ್ಟೇ ಎದುರಾದದ್ದಲ್ಲ. 1980ರ ದಶಕದವರೆಗೂ ಎಳೆಗೂಸುಗಳ ಎಷ್ಟೋ ಶಸ್ತ್ರಚಿಕಿತ್ಸೆಗಳು ಸಾಕಷ್ಟು ಅರಿವಳಿಕೆಯಿಲ್ಲದೆ ನಡೆದವು. ನರಮಂಡಲ ಬಲಿತಿಲ್ಲ, ನೋವು ತಿಳಿಯದು ಎಂಬ ನಂಬಿಕೆ ಒಂದು ಕಡೆ, ಔಷಧವೇ ಅಪಾಯ ತಂದೀತು ಎಂಬ ಭಯ ಇನ್ನೊಂದು ಕಡೆ. ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಲುಗಾಡಿಸಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಫೆಂಟನಿಲ್ ಎಂಬ ನೋವುನಿವಾರಕ ಕೊಟ್ಟಾಗ ದೇಹದ ಒತ್ತಡದ ಹಾರ್ಮೋನುಗಳು ಇಳಿದವು, ಆಮೇಲಿನ ತೊಡಕುಗಳೂ ಕಡಿಮೆಯಾದವು. ನೋವು ನಿಂತರೆ ಸಂಕಟ ತಪ್ಪುತ್ತದೆ, ಗುಣವಾಗುವುದೂ ಸುಲಭವಾಗುತ್ತದೆ ಎಂದು ಅಂದು ತಿಳಿಯಿತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ಹೇಳಿಕೊಳ್ಳಲು ಬಾರದ ಮಾತ್ರಕ್ಕೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ನೋವಿಲ್ಲ ಎನ್ನುವಂತಿಲ್ಲ ಎಂದು ಬಿಡಿಸಿಯೇ ಬರೆಯಿತು.

ಪ್ರಾಣಿಗಳು ತಮ್ಮದೇ ರೀತಿಯಲ್ಲಿ ಹೇಳಿಕೊಳ್ಳುತ್ತವೆ ಎಂಬುದಕ್ಕೆ ಕಳೆದ 25 ವರ್ಷಗಳ ಸಂಶೋಧನೆ ತುಂಬ ಪುರಾವೆ ಕೊಟ್ಟಿದೆ. 2010ರಲ್ಲಿ ಕೆನಡಾದ ವಿಜ್ಞಾನಿಗಳು ಇಲಿಯ ಮುಖದಲ್ಲಿ ನೋವನ್ನು ಓದುವ ಅಳತೆಗೋಲು ರೂಪಿಸಿದರು. ಕಣ್ಣು ಎಷ್ಟು ಕಿರಿದಾಗಿದೆ, ಮೂಗು ಕೆನ್ನೆ ಎಷ್ಟು ಉಬ್ಬಿವೆ, ಕಿವಿ ಮೀಸೆ ಹೇಗಿವೆ ಎಂದು ನೋಡಿ ಅಂಕ ಕೊಡುವ ಕ್ರಮ ಅದು. ಕುದುರೆ, ಕುರಿ, ಬೆಕ್ಕುಗಳಿಗೂ ಅಂಥವು ಬಂದವು. ಹಸುವಿಗೆ ಡೆನ್ಮಾರ್ಕಿನಲ್ಲಿ, ಬೀಜ ಒಡೆದ ಹೋರಿಗೆ ಬ್ರೆಜಿಲಿನಲ್ಲಿ ಅಳತೆಗೋಲುಗಳು ಸಿದ್ಧವಾದವು. ನನ್ನನ್ನು ಹೆಚ್ಚು ತಟ್ಟಿದ್ದು ಮಾತ್ರ 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಕೋಳಿಗಳ ಪ್ರಯೋಗ. ಮಾಂಸಕ್ಕಾಗಿ ಬೇಗ ಬೆಳೆಸಿದ ಕೋಳಿಗಳಲ್ಲಿ ಕಾಲು ಸೋತು ಕುಂಟುವವು ಬಹಳ. ಅವುಗಳ ಮುಂದೆ ಎರಡು ಬಗೆಯ ಮೇವು ಇಟ್ಟರು. ಒಂದರಲ್ಲಿ ಕಾರ್ಪ್ರೊಫೆನ್ ಎಂಬ ನೋವುನಿವಾರಕ ಬೆರೆತಿತ್ತು. ಕುಂಟುವ ಕೋಳಿಗಳು ಮದ್ದಿನ ಮೇವನ್ನೇ ಹೆಚ್ಚು ಆರಿಸಿಕೊಂಡವು. ಕುಂಟು ಹೆಚ್ಚಿದಷ್ಟೂ ತಿಂದ ಮದ್ದೂ ಹೆಚ್ಚು, ನಡಿಗೆಯೂ ಸುಧಾರಿಸಿತು. ಇದಕ್ಕಿಂತ ಸ್ಪಷ್ಟವಾಗಿ ಒಂದು ಕೋಳಿ ಇನ್ನೇನು ಹೇಳಬೇಕು? 2013ರ ಇನ್ನೊಂದು ಅಧ್ಯಯನದಲ್ಲಿ ಒಂದು ಬಣ್ಣದ ಪರದೆಗೆ ಮೂತಿ ಮುಟ್ಟಿಸಿದರೆ ಹಾಲು ಸಿಗುತ್ತದೆ, ಇನ್ನೊಂದಕ್ಕೆ ಮುಟ್ಟಿಸಿದರೆ ಇಲ್ಲ ಎಂದು ಕರುಗಳಿಗೆ ಕಲಿಸಿದರು. ಕೋಡಿನ ಮೊಳಕೆ ಸುಟ್ಟ ಮೇಲೆ, ಎರಡೂ ಅಲ್ಲದ ನಡುವಣ ಬಣ್ಣ ಕಂಡಾಗ ಕರುಗಳು ಮೊದಲಿನಂತೆ ಆಸೆಯಿಂದ ಮುಂದೆ ಬರಲಿಲ್ಲ. ನೋವು ಗಾಯದಲ್ಲಷ್ಟೇ ನಿಂತಿರಲಿಲ್ಲ, ಕರು ಲೋಕವನ್ನು ನೋಡುವ ಬಗೆಯನ್ನೇ ಮಂಕಾಗಿಸಿತ್ತು.

ಪರಿಹಾರ ಕಷ್ಟದ್ದೇನಲ್ಲ. ಹಸುವಿಗೆ ಪೂರ್ಣ ಪ್ರಜ್ಞೆ ತಪ್ಪಿಸುವುದು ಅಪಾಯ. ಮಲಗಿಸಿದರೆ ಹೊಟ್ಟೆ ಉಬ್ಬುತ್ತದೆ, ಮೆಲುಕಿನ ಮೇವು ಶ್ವಾಸಕೋಶಕ್ಕೆ ಹೋದೀತು. ಅದಕ್ಕೇ ಪಶುವೈದ್ಯರು ಹಸುವನ್ನು ನಿಲ್ಲಿಸಿಕೊಂಡೇ, ಬೇಕಾದ ಜಾಗವನ್ನಷ್ಟೇ ಲಿಗ್ನೊಕೇನಿನಿಂದ ಮರಗಟ್ಟಿಸಿ ಸಿಸೇರಿಯನ್ ಕೂಡ ಮಾಡುತ್ತಾರೆ. ಕೋಡಿಗೆ ಹೋಗುವ ನರದ ಬಳಿ ಕೊಡುವ ಒಂದು ಚುಚ್ಚುಮದ್ದು ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಆದರೆ ಅದರ ಪರಿಣಾಮ ಒಂದೆರಡು ಗಂಟೆಯದು. ಅದು ಇಳಿದ ಕೂಡಲೇ ಕರುವಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುವುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಜತೆಗೆ ಮೆಲಾಕ್ಸಿಕ್ಯಾಮ್‌ನಂಥ ಉರಿಯೂತ ತಗ್ಗಿಸುವ ನೋವುನಿವಾರಕ ಕೊಟ್ಟರೆ ಆ ಏರಿಕೆ ತಗ್ಗುತ್ತದೆ. ದನದ ಮೈಯಲ್ಲಿ ಅದು ಒಂದು ದಿನಕ್ಕೂ ಮೀರಿ ಉಳಿಯುತ್ತದೆ. ಮರಗಟ್ಟಿಸಲು ಒಂದು, ಮುಂದಿನ ದಿನಕ್ಕೆ ಒಂದು: ಎರಡೂ ಬೇಕು. ಬೀಜ ಒಡೆಯುವ ಬರ್ಡಿಜೊ ಇಕ್ಕಳದ ವಿಷಯದಲ್ಲೂ ಅಷ್ಟೇ. ಚರ್ಮ ಕತ್ತರಿಸದು, ರಕ್ತ ಬಾರದು, ಹಾಗಾಗಿ ನೋವಿಲ್ಲ ಎಂದು ತಿಳಿದವರಿದ್ದಾರೆ. ಇಕ್ಕಳ ಜಜ್ಜುವುದು ನರ, ರಕ್ತನಾಳ, ವೀರ್ಯನಾಳಗಳ ಇಡೀ ಕಟ್ಟನ್ನು.

ನೋವಿದ್ದರೇ ಒಳ್ಳೆಯದು, ಪ್ರಾಣಿ ಅಲ್ಲಾಡದೆ ಮಲಗಿ ಗಾಯ ಮಾಯುತ್ತದೆ ಎಂಬ ವಾದವನ್ನು ಒಂದು ಕಾಲದಲ್ಲಿ ಪಶುವೈದ್ಯರೇ ಹೇಳುತ್ತಿದ್ದರು. ನೊಂದ ದನ ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ. ಮೇವಿಲ್ಲದೆ ಯಾವ ಗಾಯ ಮಾದೀತು? ವಿಶ್ರಾಂತಿ ಬೇಕಾದರೆ ಕಟ್ಟಿಹಾಕಲು ಕಣ್ಣಿಯಿದೆ. ದನ ಸಹಿಸಿಕೊಳ್ಳುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಕಾಡಿನಲ್ಲಿ ಕುಂಟುವ ಪ್ರಾಣಿಯ ಮೇಲೆ ಹುಲಿಯ ಕಣ್ಣು ಬೀಳುತ್ತದೆ, ಆದ್ದರಿಂದ ಹುಲ್ಲು ಮೇಯುವ ಪ್ರಾಣಿಗಳು ನೋವನ್ನು ಬಚ್ಚಿಡುತ್ತವೆ. ಬಚ್ಚಿಟ್ಟದ್ದು ಇಲ್ಲವಾಗುವುದಿಲ್ಲ.

ಗಂಭೀರವಾದ ಆಕ್ಷೇಪ ಇನ್ನೊಂದಿದೆ, ಅದು ರಣಹದ್ದಿನದು. ದನಕ್ಕೆ ಕೊಟ್ಟ ನೋವಿನ ಮದ್ದೇ ಈ ಉಪಖಂಡದ ರಣಹದ್ದುಗಳನ್ನು ಮುಗಿಸಿತು. 1990ರ ದಶಕದಿಂದ ಮೂರು ಜಾತಿಯ ಹದ್ದುಗಳು ನೂರಕ್ಕೆ 95ಕ್ಕೂ ಹೆಚ್ಚು ಪಾಲು ಅಳಿದವು. ಕಾರಣ ಡೈಕ್ಲೊಫೆನಾಕ್ ಎಂದು 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನ ತೋರಿಸಿತು. ಆ ಮದ್ದು ಪಡೆದು ಸತ್ತ ದನದ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಸೋಲುತ್ತದೆ, ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಬಿಳಿ ಪುಡಿಯಂತೆ ಕೂರುತ್ತದೆ. ಭಾರತ 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಬರುತ್ತಲೇ ಇದ್ದುದರಿಂದ 2015ರಲ್ಲಿ ಸೀಸೆಯ ಅಳತೆಯನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು. 2023ರಲ್ಲಿ ಅದೇ ಬಗೆಯ ಮದ್ದುಗಳಾದ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ ಪಶುಗಳಿಗೆ ನಿಷೇಧವಾದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಬೆರಳೆಣಿಕೆಯ ಹದ್ದುಗಳನ್ನು ನೆನೆದು ಯಾರಾದರೂ ನೋವಿನ ಮದ್ದಿಗೆ ಹೆದರಿದರೆ ಅವರ ಭಯ ಸಕಾರಣವಾದದ್ದು. ಆದರೆ ಈ ಕಥೆಯ ಇನ್ನರ್ಧವನ್ನೂ ಕೇಳಬೇಕು. ವಿಜ್ಞಾನಿಗಳು ಡೈಕ್ಲೊಫೆನಾಕಿಗೆ ಬದಲಿ ಹುಡುಕಿದರು, ಹದ್ದುಗಳ ಮೇಲೆಯೇ ಪರೀಕ್ಷಿಸಿ ಮೆಲಾಕ್ಸಿಕ್ಯಾಮ್ ಅವಕ್ಕೆ ಅಪಾಯಕರವಲ್ಲ ಎಂದು 2006ರಲ್ಲಿ ಪ್ರಕಟಿಸಿದರು. ಅದೇ ಮದ್ದು ಕರುವಿನ ನೋವಿಗೂ ಒದಗುತ್ತದೆ. ದನವೋ ಹದ್ದೋ ಎಂದು ಆರಿಸಬೇಕಾಗಿಲ್ಲ. ಪರೀಕ್ಷೆಯಾಗದ ಮದ್ದು ಕೈಗೆ ಸಿಕ್ಕಂತೆ ಕೊಟ್ಟದ್ದರಿಂದ ಹದ್ದು ಸತ್ತವು. ಪರೀಕ್ಷಿಸಿದ ಮದ್ದನ್ನು ವೈದ್ಯರ ಕೈಯಿಂದ ಕೊಡಿಸಬೇಕು ಎಂಬುದೇ ಅದರಿಂದ ಹೊರಡುವ ತೀರ್ಮಾನ.

ಖರ್ಚಿನ ಮಾತು ರೈತನ ಬಾಯಲ್ಲಿ ನ್ಯಾಯವಾದದ್ದು. ಆದರೂ ಲಿಗ್ನೊಕೇನ್, ಮೆಲಾಕ್ಸಿಕ್ಯಾಮ್ ಎರಡೂ ಹಳೆಯ, ಅಗ್ಗದ ಮದ್ದುಗಳು. ಹಾಲಿನಲ್ಲಿ ಮದ್ದು ಉಳಿಯುತ್ತದೆ ನಿಜ. ಮೆಲಾಕ್ಸಿಕ್ಯಾಮ್ ಕೊಟ್ಟ ಹಸುವಿನ ಹಾಲನ್ನು ಯುರೋಪಿನಲ್ಲಿ 5 ದಿನ ಬಳಸುವಂತಿಲ್ಲ. ಆದರೆ ಕೋಡು ಸುಡುವುದು, ಬೀಜ ಒಡೆಯುವುದು ಹಾಲು ಕೊಡದ ಕರು ಹೋರಿಗಳಿಗೇ. ಹಾಲು ಕೊಡುವ ಹಸುವಿನ ಕೆಚ್ಚಲು ಬಾವಿನಲ್ಲಂತೂ, ಆ್ಯಂಟಿಬಯಾಟಿಕ್ ಜತೆ ಮೆಲಾಕ್ಸಿಕ್ಯಾಮ್ ಕೂಡ ಕೊಟ್ಟ ಹಸುಗಳು ಮುಂದೆ ಚೆನ್ನಾಗಿ ಗಬ್ಬ ಕಟ್ಟಿದವು ಎಂದು 2016ರ ಯುರೋಪಿನ ಅಧ್ಯಯನ ಹೇಳಿತು. ಹಾಲನ್ನೇ ನಂಬಿದ ನ್ಯೂಜಿಲೆಂಡ್ 2019ರಿಂದ ಕೋಡು ತೆಗೆಯಲು ಮರಗಟ್ಟಿಸುವ ಮದ್ದನ್ನು ಕಡ್ಡಾಯ ಮಾಡಿದೆ.

ವೈದ್ಯರ ಕೊರತೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೆ 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಪಶುಚಿಕಿತ್ಸಾ ವಾಹನಗಳಿವೆ. ಅವುಗಳಲ್ಲಿ ಈ ಎರಡು ಮದ್ದು ಎಂದೂ ಮುಗಿಯದಂತೆ ನೋಡಿಕೊಳ್ಳಬಹುದು. ಚಿಕಿತ್ಸೆಯ ದಾಖಲೆಯಲ್ಲಿ ಜ್ವರದ ಪಕ್ಕದಲ್ಲೇ ನೋವಿಗೂ ಒಂದು ಕಲಂ ಇಡಬಹುದು. ಊರೂರಿನ ಹಾಲಿನ ಡೇರಿಯ ಗೋಡೆಗೆ ಹಸುವಿನ ಮುಖದ ಚಿತ್ರಗಳ ಒಂದು ಹಾಳೆ ಅಂಟಿಸಬಹುದು: ಜೋಲುಬಿದ್ದ ಕಿವಿ, ಬಿಗಿದ ಮೂತಿ, ನಿಂತ ಮೆಲುಕು, ಹಲ್ಲು ಕಡಿತ. ಎರಡು ಹೊತ್ತೂ ಕೆಚ್ಚಲಿಗೆ ಕೈ ಹಾಕುವ ಹೆಂಗಸರು ಇವನ್ನು ವೈದ್ಯರಿಗಿಂತ ಮೊದಲು ಕಾಣುತ್ತಾರೆ. ಅವರು ಫೋನಿನಲ್ಲಿ ಹೇಳಿದ್ದನ್ನು ಆ ಕಲಂನಲ್ಲಿ ಬರೆದುಕೊಳ್ಳುವುದರಿಂದಲೇ ಕೆಲಸ ಶುರುವಾಗಲಿ.