ಆಮೆಗೆ ಎಷ್ಟು ಬಿಸಿ ಬೇಕು?



ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯಿತೆಂದರೆ ನಮ್ಮ ಜಯನಗರದಲ್ಲಿ ಚಳಿ ಶುರುವಾಯಿತೆಂದೇ ಲೆಕ್ಕ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ನೋಡಿದರೆ ಇಟ್ಟ ಹಾಗೇ ಕೂತಿರುತ್ತೆ. ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸುವ ನಾವು, ಅದೇ ಮನೆಯ ಗಾಜಿನ ತೊಟ್ಟಿಯಲ್ಲಿರುವ ಆಮೆಯ ಗತಿ ಏನೆಂದು ಯೋಚಿಸುವುದೇ ಇಲ್ಲ. ಚಿಕ್ಕಮಗಳೂರಿನ ಸೋದರಿಯೊಬ್ಬರು ಯೋಚಿಸಿದ್ದಾರೆ. ಮಗನ ಹಟಕ್ಕೆ ಆಮೆಮರಿ ತಂದಿದ್ದಾರಂತೆ, ನೀರಿಗೆ ಹಾಕುವ ಹೀಟರನ್ನೂ ಕೊಂಡಿದ್ದಾರಂತೆ. ಅದರ ತಿರುಗಣೆಯ ಮೇಲೆ 18ರಿಂದ 34ರ ತನಕ ಅಂಕಿಗಳಿವೆ, ಯಾವುದಕ್ಕೆ ಇಡಲಿ ಎಂದು ಕೇಳಿ ಪತ್ರ ಬರೆದಿದ್ದಾರೆ.

ಈ ಪ್ರಶ್ನೆಗೆ ಉತ್ತರ ಹೇಳುವಷ್ಟು ನಾನು ಕಲಿತದ್ದು ತಪ್ಪು ಮಾಡಿಯೇ. ಮೂರು ವರ್ಷದ ಹಿಂದೆ ನನ್ನ ಮಗಳು ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆಮೆಮರಿಯೊಂದನ್ನು ತಂದಳು. ಅಮೆರಿಕ ಮೂಲದ್ದು, ಅಂಗಡಿಯವರು ಕೆಂಪು ಕಿವಿ ಆಮೆ ಅಂತಾರೆ. "ನೀರಲ್ಲಿ ಬಿಟ್ಟು ಕಾಳು ಹಾಕಿ, ಅಷ್ಟೇ ಮೇಡಂ" ಅಂದಿದ್ದ ಅಂಗಡಿಯಾತ. ಡಿಸೆಂಬರ್ ಬಂತು, ಆಮೆ ಊಟ ಬಿಟ್ಟಿತು. ಪಾಪ, ಚಳಿ ಅಂತ ಹೀಟರ್ ತಂದು ಧಾರಾಳವಾಗಿ 32ಕ್ಕೆ ತಿರುಗಿಸಿಟ್ಟೆ. ನಾಲ್ಕು ದಿನ ಚೆನ್ನಾಗಿ ತಿಂದಿತು. ನಾನೂ ಬೀಗಿದೆ. ಆಮೇಲೆ ನೋಡಿ, ಕಲ್ಲಿನ ಮೇಲೆ ಹತ್ತುವುದನ್ನೇ ನಿಲ್ಲಿಸಿತು. ಎರಡು ವಾರದಲ್ಲಿ ಮೂಗಿನಲ್ಲಿ ಗುಳ್ಳೆ. ನೀರಿನಲ್ಲಿ ನೆಟ್ಟಗೆ ಈಜಲಾರದೆ ಒಂದು ಪಕ್ಕಕ್ಕೆ ವಾಲಿ ತೇಲುತ್ತಿತ್ತು.

ಪ್ರಾಣಿವೈದ್ಯರು ನೋಡಿ "ನ್ಯುಮೋನಿಯಾ" ಅಂದರು. ನೀರು 32 ಡಿಗ್ರಿ, ನಮ್ಮ ಹಾಲಿನ ಗಾಳಿ 20. ಉಸಿರಿಗೆಂದು ತಲೆ ಎತ್ತಿದಾಗಲೆಲ್ಲ ಅದು ತಣ್ಣನೆ ಗಾಳಿ ಎಳೆದುಕೊಳ್ಳುತ್ತಿತ್ತು. ನೀರೇ ಅಷ್ಟು ಬೆಚ್ಚಗಿದ್ದ ಮೇಲೆ ಕಲ್ಲು ಹತ್ತಿ ಬಿಸಿಲು ಕಾಯುವ ಅಗತ್ಯವೂ ಅದಕ್ಕೆ ಕಾಣಲಿಲ್ಲ. ಮೈ ಒಣಗದೆ, ಬಿಸಿಲಿನ ಕಿರಣ ಬೀಳದೆ ಆಮೆಯ ಚಿಪ್ಪು ಗಟ್ಟಿಯಾಗುವುದಿಲ್ಲವಂತೆ. ಇಂಜೆಕ್ಷನ್ ಕೊಡಿಸಿ ಬದುಕಿಸಿಕೊಂಡೆವು. ಆ ಹದಿನೈದು ದಿನ ಮಗಳು ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಅವಳನ್ನು ಬೈಯುವ ಬಾಯಿಯೂ ನನಗಿರಲಿಲ್ಲ.

ನಮ್ಮ ಮೈ ಒಳಗಿನಿಂದಲೇ ಬಿಸಿ ಮಾಡಿಕೊಳ್ಳುತ್ತದೆ, ಆಮೆಗೆ ಆ ಒಲೆ ಇಲ್ಲ. ಹೊರಗಿನ ಶಾಖವನ್ನೇ ನಂಬಿಕೊಂಡ ಜೀವ. ಚಳಿಯಾದರೆ ಬಿಸಿಯ ಕಡೆ, ಸೆಕೆಯಾದರೆ ತಂಪಿನ ಕಡೆ ಸರಿಯುತ್ತೆ. ಆದ್ದರಿಂದ ಒಂದೇ ಅಂಕಿಯಿಂದ ಕೆಲಸ ಆಗದು, ತೊಟ್ಟಿಯಲ್ಲಿ ಎರಡು ಹವೆ ಇರಬೇಕು. ನೀರು ತಂಪಿನ ಜಾಗ, ಕಲ್ಲು ಬಿಸಿಯ ಜಾಗ. ಚಿಕ್ಕಮಗಳೂರಿನ ಸೋದರಿ, ನಿಮ್ಮ ಮರಿಗೆ ನೀರು 26-27 ಇರಲಿ. ಅಂಗೈಯಗಲ ಬೆಳೆದ ಮೇಲೆ 24-25 ಸಾಕು. ಕಲ್ಲಿನ ಮೇಲೆ 32ರ ಆಸುಪಾಸು ಬರಲಿ. ಅದಕ್ಕೆ ಹಳೇ ಕಾಲದ ತಂತಿ ಬಲ್ಬು ತೂಗುಹಾಕಿ, ಎತ್ತರ ಹೆಚ್ಚು ಕಡಿಮೆ ಮಾಡಿ ಹೊಂದಿಸಿಕೊಳ್ಳಿ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಬರುತ್ತೆ, ಶಾಖ ಬರೋಲ್ಲ. ರಾತ್ರಿ ಬಲ್ಬು ಆರಿಸಿ, ನೀರಿನ ಹೀಟರ್ ಮಾತ್ರ ಇರಲಿ. ನಿಮ್ಮೂರಿನ ಚಳಿಗೆ ತೊಟ್ಟಿಯ ಮುಕ್ಕಾಲು ಭಾಗಕ್ಕೆ ಹಲಗೆ ಮುಚ್ಚಿದರೆ ನೀರಿನ ಮೇಲಿನ ಗಾಳಿಯೂ ಬೆಚ್ಚಗಿರುತ್ತೆ. ಬಲ್ಬಿನ ಬುಡದಲ್ಲಿ ಮಾತ್ರ ಮುಚ್ಚಬೇಡಿ, ಮರ ಸುಟ್ಟೀತು.

ಥರ್ಮೋಸ್ಟಾಟ್ ಎಂದರೆ ಹೆದರುವಂಥದ್ದೇನಲ್ಲ. ಇಸ್ತ್ರಿಪೆಟ್ಟಿಗೆಯ ದೀಪ ತಾನಾಗಿ ಹತ್ತಿ ಆರುತ್ತದಲ್ಲ, ಅದೇ. ಹೇಳಿದ ಬಿಸಿ ಮುಟ್ಟಿದರೆ ಕರೆಂಟ್ ಕಡಿದು, ತಣಿದರೆ ಮತ್ತೆ ಕೊಡುತ್ತೆ. ಆದರೆ ತಿರುಗಣೆಯ ಅಂಕಿಯನ್ನು ಪೂರ್ತಿ ನಂಬಬೇಡಿ. ನಮ್ಮದು 25ಕ್ಕೆ ಇಟ್ಟರೆ ನೀರು 27 ಆಗುತ್ತಿತ್ತು. ಹೀಟರಿನಿಂದ ದೂರದ ಮೂಲೆಯಲ್ಲಿ ಬೇರೆ ಥರ್ಮಾಮೀಟರ್ ಇಟ್ಟು, ಒಂದು ದಿನ ಬಿಟ್ಟು ನೋಡಿ, ಆಮೇಲೆ ಅರ್ಧರ್ಧ ತಿರುಗಿಸಿ. ಸಾರಿಗೆ ಉಪ್ಪು ಹಾಕಿದ ಹಾಗೆ. ಹೀಟರಿನ ಗಾತ್ರ ಲೀಟರಿಗೆ ಒಂದು ವಾಟ್ ಲೆಕ್ಕ. ನೂರು ವಾಟಿನದು ಹತ್ತು ಗಂಟೆ ಬಿಡದೆ ಉರಿದರೆ ಒಂದು ಯೂನಿಟ್. ನಡುನಡುವೆ ಆರುವುದರಿಂದ ಅಷ್ಟೂ ಆಗುವುದಿಲ್ಲ. ಬಿಲ್ಲಿನ ಬಗ್ಗೆ ನಮ್ಮವರು ಎತ್ತಿದ ತಕರಾರಿಗೆ ಈ ಲೆಕ್ಕವೇ ಉತ್ತರವಾಯಿತು.

ಬೇಸಿಗೆಯಲ್ಲಿ ಈ ಯಂತ್ರ ದಂಡ. ಅದಕ್ಕೆ ಬಿಸಿ ಮಾಡಲು ಬರುತ್ತೆ, ತಣಿಸಲು ಬಾರದು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿದಾಗ ನಾನು ಹೀಟರ್ ತೆಗೆದಿಟ್ಟು, ತೊಟ್ಟಿಯನ್ನು ಪಡುವಣ ಕಿಟಕಿಯಿಂದ ದೇವರ ಮನೆಯ ಪಕ್ಕಕ್ಕೆ ಸಾಗಿಸಿದೆ. ಅತ್ತೆಯವರು ಕೂರ್ಮಾವತಾರ ಅಂದುಕೊಂಡು ಸುಮ್ಮನಾದರು.

ಆಮೆ ಅದೃಷ್ಟ ತರುತ್ತೆ ಅಂತ ನಕ್ಷತ್ರ ಆಮೆಯನ್ನೋ ಕೆರೆಯಲ್ಲಿ ಸಿಕ್ಕ ನಮ್ಮ ನಾಡಿನ ಆಮೆಯನ್ನೋ ಮನೆಗೆ ತರಬೇಡಿ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಕೆಂಪು ಕಿವಿಯದು ಬೇಸರವಾಯಿತೆಂದು ಯಡಿಯೂರು ಕೆರೆಗೋ ಸಾರಕ್ಕಿ ಕೆರೆಗೋ ಬಿಡುವುದೂ ಸಲ್ಲದು. ಅದು ಅಲ್ಲಿನ ಆಮೆಗಳ ತಾವು, ತಿನಿಸು ಎರಡನ್ನೂ ಕಿತ್ತುಕೊಳ್ಳುತ್ತೆ. ಇಪ್ಪತ್ತು ಮೂವತ್ತು ವರ್ಷ ಬಾಳುವ ಪ್ರಾಣಿ ಇದು. ಮಗಳು ಮದುವೆಯಾಗಿ ಹೋದ ಮೇಲೂ ನೀರು ಬದಲಿಸುವವಳು ನಾನೇ.

ನೀರು ಬದಲಿಸುವ ಮುಂಚೆ ಪ್ಲಗ್ ಕೀಳಿ. ಹೀಟರ್ ತಣಿಯಲು ಕಾಲು ಗಂಟೆ ಬಿಡಿ, ನೀರಿಲ್ಲದೆ ಉರಿದರೆ ಗಾಜು ಸಿಡಿಯುತ್ತೆ. ಆಮೆ ಒದ್ದು ಒಡೆಯದಂತೆ ಅದಕ್ಕೆ ಪ್ಲಾಸ್ಟಿಕ್ ಕವಚ ಹಾಕಿರಿ. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಲೇಬೇಡಿ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ. ಚಿಕ್ಕಮಗಳೂರಿನ ಸೋದರಿ, ನಿಮ್ಮ ಮರಿ ಕಲ್ಲು ಹತ್ತಿತೇ ಎಂದು ಮರೆಯದೆ ಬರೆಯಿರಿ. ಮುಂದಿನ ಸಂಚಿಕೆಗೆ ಹಿತಕಿದ ಬೇಳೆ ಸಾರು.