ಹದಿನಾಲ್ಕಕ್ಕೆ ಕೈಬಿಡುವ ಕಾನೂನು

ಪ್ರೌಢಶಿಕ್ಷಣದ ಸುಧಾರಣೆ ಎಂದೊಡನೆ ನಮ್ಮಲ್ಲಿ ಮಾತು ಪರೀಕ್ಷೆಯ ಕಡೆಗೇ ಹೊರಳುತ್ತದೆ. 1952ರ ಮುದಲಿಯಾರ್ ಆಯೋಗ, 1964ರ ಕೊಠಾರಿ ಆಯೋಗ ಎರಡೂ ಪರೀಕ್ಷಾ ಪದ್ಧತಿ ಬದಲಾಗಬೇಕೆಂದವು. ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮೂರು ಪರೀಕ್ಷೆಗಳ ಅವಕಾಶ ಸಿಕ್ಕಿತು. ಒಳ್ಳೆಯದೇ. ಆದರೆ ಪರೀಕ್ಷಾ ಕೊಠಡಿಯವರೆಗೆ ಬರಲಾಗದ ಮಗುವಿಗೆ ಮೂರು ಅವಕಾಶವಿದ್ದರೇನು, ಮೂವತ್ತಿದ್ದರೇನು? ಸುಧಾರಣೆ ಶುರುವಾಗಬೇಕಾದದ್ದು ಒಂಬತ್ತನೇ ತರಗತಿಯ ಹೊಸ್ತಿಲಲ್ಲಿ.

ಕಾನೂನು ಬಂದು ನಿಲ್ಲುವುದೂ ಅಲ್ಲಿಯೇ. 2002ರ 86ನೇ ಸಂವಿಧಾನ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ್ದು 6ರಿಂದ 14 ವರ್ಷದವರಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹೊಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಇನ್ನೊಂದೆಡೆ, 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ತುಂಬಿದವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿಡುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ, ಶಾಲೆಯ ಹಕ್ಕು ಮುಗಿಯುವ ವಯಸ್ಸಿಗೇ ದುಡಿಮೆಯ ಬಾಗಿಲು ತೆರೆಯುತ್ತದೆ. ರಾಯಚೂರು, ಯಾದಗಿರಿ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂದಾಗ ಕೂಲಿಯ ಮನೆಯವರು ಮಗಳನ್ನು ಯಾವ ಬಾಗಿಲಿಗೆ ಕಳಿಸಿಯಾರು?

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಪಡೆದ ಮಗುವಿನ ಪಾಡೂ ಬೇರೆಯಲ್ಲ. ಎಂಟು ಮುಗಿದೊಡನೆ ಪೂರ್ಣ ಶುಲ್ಕ ಕಟ್ಟಬೇಕು, ಇಲ್ಲವೇ ಶಾಲೆ, ಗೆಳೆಯರು, ಕೆಲವೊಮ್ಮೆ ಕಲಿಕೆಯ ಮಾಧ್ಯಮವನ್ನೂ ಬಿಡಬೇಕು.

ಕರ್ನಾಟಕ ಈ ಕಂದರಕ್ಕೆ ಸೇತುವೆ ಕಟ್ಟಲು ಯತ್ನಿಸಿದ್ದುಂಟು. ಕೇಂದ್ರದ ಬಿಸಿಯೂಟ ಎಂಟನೇ ತರಗತಿಗೆ ನಿಂತರೂ ರಾಜ್ಯ ಅದನ್ನು ಹತ್ತರವರೆಗೆ ಒಯ್ದಿತು. ದೂರದ ಹೈಸ್ಕೂಲಿಗೆ ಹೋಗಲು 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಊಟ ಉಳಿಯಿತು, ಸೈಕಲ್ ನಿಂತಿತು. ಯೋಜನೆಯ ಗುಣವೇ ಅದು: ಕೊಟ್ಟವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. 2019ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು ಶಿಕ್ಷಣ ಹಕ್ಕನ್ನು 18 ವರ್ಷದವರೆಗೆ ವಿಸ್ತರಿಸಲು ಹೇಳಿತ್ತು. 2020ರ ಅಂತಿಮ ನೀತಿಯಲ್ಲಿ ಉಳಿದದ್ದು 2030ರೊಳಗೆ ಎಲ್ಲರೂ ಶಾಲೆಯಲ್ಲಿರಬೇಕೆಂಬ ಗುರಿ. ಗುರಿ ತಪ್ಪಿದರೆ ತಾಯಿಯೊಬ್ಬಳು ಯಾರನ್ನೂ ಕೇಳುವಂತಿಲ್ಲ. ಹಕ್ಕು ತಪ್ಪಿದರೆ ನ್ಯಾಯಾಲಯದ ಮೆಟ್ಟಿಲೇರಬಹುದು.

ಸರಿಯಾಗಿ ಓದಲು ಬಾರದೆ ಒಂಬತ್ತಕ್ಕೆ ಬಂದವರನ್ನು ಬಲವಂತವಾಗಿ ಕೂರಿಸಿ ಫಲವೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಿಂದುಳಿದವರನ್ನು ಹೊರಗೆ ಕಳಿಸಿದರೆ ಕಲಿಕೆ ಸುಧಾರಿಸುವುದಿಲ್ಲ, ಹಾಜರಿ ಪುಸ್ತಕ ಮಾತ್ರ ಹಗುರಾಗುತ್ತದೆ. ಒಂಬತ್ತನೇ ತರಗತಿಯ ಮೊದಲ ತಿಂಗಳುಗಳನ್ನು ಓದು, ಲೆಕ್ಕ ತಿದ್ದುವುದಕ್ಕೇ ಮೀಸಲಿಡಬೇಕು. ಅದಕ್ಕೆ ಬೇಕಾದಷ್ಟು ಶಿಕ್ಷಕರನ್ನು ಕಾಯಂ ಆಗಿ ನೇಮಿಸಬೇಕು. ಖರ್ಚಾಗುತ್ತದೆ, ನಿಜ. ಮಕ್ಕಳು ಶಾಲೆ ಬಿಟ್ಟಾಗಲೂ ಖರ್ಚಾಗುತ್ತದೆ. ಆದರೆ ಅದನ್ನು ತೆರುವುದು ಸರ್ಕಾರವಲ್ಲ, ಆ ಮಕ್ಕಳು.

ಕನಿಷ್ಠ ಹತ್ತನೇ ತರಗತಿಯವರೆಗಾದರೂ ಶಿಕ್ಷಣ ಹಕ್ಕಾಗಲಿ. ಪರೀಕ್ಷೆ ಹೇಗಿರಬೇಕೆಂದು ಆಮೇಲೆ ಧಾರಾಳವಾಗಿ ಚರ್ಚಿಸೋಣ. ಆಗ ಆ ಚರ್ಚೆ ಉಳಿದುಕೊಂಡ ಮಕ್ಕಳದ್ದಷ್ಟೇ ಅಲ್ಲ, ಎಲ್ಲ ಮಕ್ಕಳದ್ದೂ ಆಗಿರುತ್ತದೆ.