ಸೀದ ರೊಟ್ಟಿ ಫೋಟೋ ಹಾಕಿದ್ರೆ ಹೋರಾಟಕ್ಕೇನು ನಷ್ಟ?



ಕಂಪ್ಲಿ ಕಡೆಯ ನಮ್ಮ ಹುಡುಗನೊಬ್ಬ ಹೋದ ವಾರ ಒಂದು ಫೋಟೋ ಹಾಕಿದ್ದ. ಹೆಂಡತಿ ತವರಿಗೆ ಹೋಗಿದ್ದಾಗ ತಾನೇ ಬಡಿದ ಜೋಳದ ರೊಟ್ಟಿ, ಹಂಚಿನ ಮೇಲೆ ಕಪ್ಪಗೆ ಸೀದಿತ್ತು. ಪಕ್ಕದಲ್ಲಿ ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡು ಅವನು ನಗ್ತಿದ್ದ. ನಮ್ಮ ಗ್ರೂಪಿನ ಹಿರಿಯರೊಬ್ಬರು "ತಮ್ಮಾ, ಸಮುದಾಯ ಉರೀತಿರುವಾಗ ಇಂಥ ಶೋಕಿ ಬೇಕಾ?" ಅಂದರು. ಪಾಪ, ಅಳಿಸಿಬಿಟ್ಟ. ಅಳಿಸೋ ಅಗತ್ಯ ಇರಲಿಲ್ಲ ಅನ್ನೋದು ನನ್ನ ಮಾತು.

ಪೇಪರಿನಲ್ಲಿ ನಮ್ಮ ಮನೆ ಯಾವಾಗ ಕಾಣ್ತದೆ ಹೇಳಿ? ಸುಟ್ಟಾಗ. ಹೊಳೆ ದಾಟಿದರೆ ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್‌ನಲ್ಲಿ ಅಲ್ಲಿ ನಮ್ಮವರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. (ಆಮೇಲೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿದ್ದು ಬೇರೆ ಕಥೆ.) ಅಂಥ ಮನೆಯ ಬೂದಿಯನ್ನ ನಾಡೆಲ್ಲ ನೋಡ್ತದೆ. ಅದರ ಹಿಂದಿನ ದಿನ ಅಲ್ಲಿ ಹಾಲು ಉಕ್ಕಿತ್ತೇನೋ, ಮಗು ಕೊಡ ಉರುಳಿಸಿ ಬೈಸಿಕೊಂಡಿತ್ತೇನೋ, ಅದು ಯಾರಿಗೂ ಬೇಡ. ಇನ್ನು ಹಂಪಿಯಲ್ಲಿ ಹೊಳೆದಂಡೆಗೆ ಬಟ್ಟೆ ಒಗೆಯೋ ಹೆಣ್ಮಕ್ಕಳ ಫೋಟೋ ಹೊಡ್ಕೊಂಡು ಹೋಗೋರು ಒಂದು ಮಾತು ಕೇಳೋದಿಲ್ಲ. ಕ್ಯಾಮೆರಾ ಯಾವಾಗಲೂ ಬೇರೆಯವರ ಕೈಲೇ ಇತ್ತು. ಈಗ ನಮ್ಮ ಕೈಗೆ ಬಂದೈತಿ.

ಬಾಬಾಸಾಹೇಬರು ಮನೆಯವರ ಜೊತೆ ತೆಗೆಸಿಕೊಂಡ ಫೋಟೋ ನೋಡಿದೀರಲ್ಲ? 1934ರ ಫೆಬ್ರವರಿ, ರಾಜಗೃಹ. ರಮಾಬಾಯಿ, ಮಗ ಯಶವಂತ, ಅತ್ತಿಗೆ, ಅಣ್ಣನ ಮಗ, ಜೊತೆಗೆ ನಾಯಿ ಟಾಬಿ. ಪೂನಾ ಒಪ್ಪಂದ ಆಗಿ ಎರಡು ವರ್ಷ ಕೂಡ ತುಂಬಿರಲಿಲ್ಲ. ಮರುವರ್ಷ ರಮಾಬಾಯಿ ತೀರಿಕೊಂಡರು. ಆ ಫೋಟೋನ ನಾವ್ಯಾರೂ ಶೋಕಿ ಅನ್ನಲ್ಲ, ಗೋಡೆಗೆ ಹಾಕ್ಕೊಂಡಿದೀವಿ.

ಸಂಡೂರಿನಲ್ಲಿ ಅದಿರು ಲಾರಿ ಓಡಾಡೋ ರಸ್ತೆ ಪಕ್ಕದ ಅಕ್ಕ ಒಬ್ಬಳು, ಬೆಳಿಗ್ಗೆ ಒಗೆದು ಹರವಿದ ಮಗನ ಬಿಳಿ ಅಂಗಿ ಸಂಜೆಗೆ ಕೆಂಪಾಗಿದ್ದನ್ನ ಹಾಕಿದರೆ ಅದು ಮನೆಯ ಅವಾಂತರವೂ ಹೌದು, ಗಣಿಯ ಮೇಲಿನ ದೂರೂ ಹೌದು. ಹಾಗಂತ ಎಲ್ಲ ಫೋಟೋಗೂ ಅಂಥ ಅರ್ಥ ಇರಲೇಬೇಕಂತ ನಾನು ಹೇಳಲ್ಲ. ಕಂಪ್ಲಿ ಹುಡುಗನ ರೊಟ್ಟಿ ಸೀದದ್ದಕ್ಕೆ ಜಾತಿ ಕಾರಣ ಅಲ್ಲ, ಉರಿ ಜಾಸ್ತಿ ಇಟ್ಟಿದ್ದ ಅಷ್ಟೇ. ನಗೋಕೂ ನಮಗೆ ಕಾರಣ ಪತ್ರ ಬೇಕಾ?

ನಿಜವಾಗಿ ತಡೀಬೇಕಾದ ಫೋಟೋ ಬೇರೆ ಅದಾವೆ. ರೊಟ್ಟಿಗೆ ಬೈದ ಇವೇ ಗ್ರೂಪುಗಳಲ್ಲಿ, ಅತ್ಯಾಚಾರಕ್ಕೊಳಗಾದ ಹುಡುಗಿಯ ಮುಖ, ಹೆಸರು, ಊರು ಸಮೇತ "ನ್ಯಾಯ ಸಿಗೋವರೆಗೂ ಶೇರ್ ಮಾಡಿ" ಅಂತ ಬರ್ತದೆ. ಹಾಗೆ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಹಳೇ ಐಪಿಸಿಯಲ್ಲಿ ಇದು 228ಎ ಆಗಿತ್ತು. ಕೇಸಿನ ಮಾತು ಬಿಡಿ, ಆ ಹುಡುಗಿ ನಾಳೆ ಅದೇ ಊರ ಬಸ್ ಹತ್ತಿ ಕಾಲೇಜಿಗೆ ಹೋಗಬೇಕು. ಅವಳ ಮುಖ ಅವಳದ್ದು.

ನಮ್ಮ ಮನೆ ಫೋಟೋಗೂ ಅದೇ ಲೆಕ್ಕ. ಅವ್ವನ್ನ, ಹೆಂಡತೀನ ಕೇಳಿ ಹಾಕಿ, ಬೇಡ ಅಂದ್ರೆ ಬಿಡಿ. ಮಕ್ಕಳ ಫೋಟೋದಲ್ಲಿ ಶಾಲೆ ಹೆಸರು ಕಾಣದ ಹಾಗೆ ನೋಡ್ಕೊಳ್ಳಿ.

ಅಡ್ಮಿನ್ ಅಣ್ಣಂದಿರೇ, ನೊಂದ ಹುಡುಗೀರ ಫೋಟೋ ಗ್ರೂಪಿಗೆ ಬಂದ ಕೂಡಲೇ ತೆಗೀರಿ. ಹಾಕಿದವರಿಗೆ ಫೋನ್ ಮಾಡಿ ಹೇಳಿ. ರೊಟ್ಟಿ ಫೋಟೋ ಇರಲಿ ಬಿಡಿ.

ಜೈಭೀಮ್.